ಇಂಗ್ಲಿಷಿನ ದನಿಗೆ ಕನ್ನಡದ ತಳಹದಿ

ಬೆಂಗಳೂರಿನ ಕುಂದಲಹಳ್ಳಿ ಮೆಟ್ರೊ ನಿಲ್ದಾಣದಿಂದ ಬ್ರೂಕ್‌ಫೀಲ್ಡ್‌ವರೆಗಿನ ರಸ್ತೆಯಲ್ಲಿ ಸಾಲುಗಟ್ಟಿದ ಕಚೇರಿಗಳ ದಿನದ ಕೆಲಸದಲ್ಲಿ ಅರ್ಧ ಪಾಲು ಮಾತೇ. ಕೋಲಾರದ ಹುಡುಗಿ, ಕಲಬುರಗಿಯ ಹುಡುಗ ಇಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ಆ ಕಡೆ ಡಲ್ಲಾಸಿನವರೂ ಇರಬಹುದು, ಮ್ಯಾಡ್ರಿಡ್‌ನವರೂ ಇರಬಹುದು. ಹೀಗೆ ಮಾತಾಡುವವರನ್ನು ತಯಾರು ಮಾಡುವ ಕಸುಬೊಂದು ಈ ಭಾಗದಲ್ಲಿ ಬೇರುಬಿಟ್ಟಿದೆ. ಅದನ್ನು ಮಾಡುವವರನ್ನು ‘ವಾಯ್ಸ್ ಅಂಡ್ ಆ್ಯಕ್ಸೆಂಟ್ ಟ್ರೈನರ್’ ಎನ್ನುತ್ತಾರೆ.

ಈ ಟ್ರೈನರ್‌ಗಳ ಬಾಯಲ್ಲಿ ಸದಾ ಓಡಾಡುವ ಮಾತು ‘ಎಂಟಿಐ’. ಮಾತೃಭಾಷೆಯ ಪ್ರಭಾವಕ್ಕೆ ಅವರಿಟ್ಟ ಹೆಸರು ಅದು. ಅದನ್ನು ರೋಗದಂತೆ ಕಂಡು ಅಳಿಸಲು ಹೊರಡುವವರು ಇದ್ದಾರೆ. ಕಸುಬು ಬಲ್ಲವರು ಅಲ್ಲಿಂದಲೇ ಪಾಠ ಶುರುಮಾಡುತ್ತಾರೆ.

ಕನ್ನಡದ ನಾಲಿಗೆ ಎಲ್ಲಿ ತೊಡಕುತ್ತದೆಂದು ಅವರಿಗೆ ಗೊತ್ತು. ನಾವು ‘ಎಂಟು’ ಎನ್ನುವಾಗ ಮುಂದೆ ‘ಯ’ಕಾರದ ಎಳೆಯೊಂದು ಸೇರುತ್ತದೆ, ‘ಒಂದು’ ಎನ್ನುವಾಗ ‘ವ’ಕಾರದ್ದು. ಅದೇ ಅಭ್ಯಾಸದಲ್ಲಿ ‘ಎಗ್’ ಯೆಗ್ ಆಗುತ್ತದೆ, ‘ಓನ್ಲಿ’ ವೋನ್ಲಿ ಆಗುತ್ತದೆ. ವ್ಯಂಜನದಲ್ಲಿ ಮುಗಿಯುವ ಪದಕ್ಕೆ ‘ಉ’ ಸೇರಿಸಿ ಬಸ್ಸು, ಕಾರು ಮಾಡಿಕೊಂಡವರು ನಾವು. ‘ಸ್ಕೂಲ್’ ಹಳ್ಳಿಯಲ್ಲಿ ಇಸ್ಕೂಲು. ಸ್ಪ್ಯಾನಿಷ್ ಮಾತಾಡುವವರೂ ಇಲ್ಲಿ ನಮ್ಮ ನೆಂಟರೇ. ಅವರ ಭಾಷೆಯಲ್ಲಿ ಯಾವ ಪದವೂ ‘ಸ್ಕ’ದಿಂದ ಶುರುವಾಗುವುದಿಲ್ಲ, ಹಾಗಾಗಿ ಅವರ ಬಾಯಲ್ಲಿ ಅದು ‘ಎಸ್ಕೂಲ್’. ಅವರಿಗೆ ‘ಬ’ ಮತ್ತು ‘ವ’ ಬೇರೆಯಾಗಿ ಕೇಳುವುದು ಕಷ್ಟ. ನಮಗೆ ‘ವೆಸ್ಟ್’ ಎಂಬ ಒಂದೇ ಬರಹ ಅಂಗಿಗೂ ಪಡುವಣಕ್ಕೂ ಸಾಕಾಗುತ್ತದೆ. ಟ್ರೈನರ್ ಆಗ ಕೈಗೆ ಕನ್ನಡಿ ಕೊಡುತ್ತಾರೆ: ಅಂಗಿಯಾದರೆ ಕೆಳತುಟಿ ಮೇಲ್ಹಲ್ಲಿಗೆ ತಾಗಬೇಕು, ಪಡುವಣವಾದರೆ ತುಟಿ ದುಂಡಗಾಗಬೇಕು.

ಆದರೆ ತೊಡಕಿನಷ್ಟೇ ಬಂಡವಾಳವೂ ಕನ್ನಡದಲ್ಲಿದೆ. ಹಡಗಿನ ‘ಶಿಪ್’, ಕುರಿಯ ‘ಶೀಪ್’ ನಡುವಿನ ವ್ಯತ್ಯಾಸ ಐದೇ ಸ್ವರಗಳ ಸ್ಪ್ಯಾನಿಷಿನಿಂದ ಬಂದವರಿಗೆ ದೊಡ್ಡ ಬೆಟ್ಟ. ಹ್ರಸ್ವ, ದೀರ್ಘ ಕಲಿತೇ ಅಕ್ಷರಸ್ಥನಾದ ಕನ್ನಡಿಗನಿಗೆ ಅದು ಅಷ್ಟು ಕಷ್ಟವಲ್ಲ. ಇಂಗ್ಲಿಷಿನವರು ‘ಪಿನ್’ ಎನ್ನುವಾಗ ‘ಪ’ದೊಂದಿಗೆ ಉಸಿರು ಚಿಮ್ಮುತ್ತದೆ, ಉಸಿರಿಲ್ಲದೆ ಹೇಳಿದರೆ ಅವರ ಕಿವಿಗೆ ‘ಬಿನ್’ ಎಂದು ಕೇಳಬಹುದು. ಸ್ಪ್ಯಾನಿಷಿನವರಿಗೆ ಈ ಉಸಿರೇ ಹೊಸತು. ನಮ್ಮ ವರ್ಣಮಾಲೆ ಅದನ್ನು ಮಹಾಪ್ರಾಣವೆಂದು ಹೆಸರಿಟ್ಟು ಕಲಿಸಿಯೇ ಇದೆ. ತುಟಿಯೆದುರು ಕಾಗದದ ಚೂರು ಹಿಡಿದು ಅದು ಅಲುಗುವಂತೆ ‘ಪ’ ಹೇಳಿಸಿದರೆ ಸಾಕು, ಹಳೆಯ ಪಾಠ ಹೊಸ ಕೆಲಸಕ್ಕೆ ಬರುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಒತ್ತು. ಕನ್ನಡದಲ್ಲೂ ಸ್ಪ್ಯಾನಿಷಿನಲ್ಲೂ ಪದದ ಪ್ರತಿ ಅಕ್ಷರಕ್ಕೆ ತನ್ನ ಪಾಲಿನ ಸ್ಪಷ್ಟತೆ ಸಿಗುತ್ತದೆ. ಇಂಗ್ಲಿಷ್ ಒಂದನ್ನು ಎತ್ತಿ ಹಿಡಿದು ಉಳಿದವನ್ನು ಮಸುಕಾಗಿಸುತ್ತದೆ. ‘ಕಂಪ್ಯೂಟರ್’ನಲ್ಲಿ ‘ಪ್ಯೂ’ ಒಂದೇ ಗಟ್ಟಿ. ‘ಡೆವಲಪ್‌ಮೆಂಟ್’ನ ಒತ್ತು ಎರಡನೆಯ ಭಾಗದ ಮೇಲೆ, ನಾವು ಮೊದಲನೆಯದನ್ನೇ ಒತ್ತುತ್ತೇವೆ. ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಅಧ್ಯಯನ ಮಾಡಿದ ಹೈದರಾಬಾದಿನ ಆರ್.ಕೆ. ಬನ್ಸಲ್ 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅರ್ಥ ಕೆಡುವುದಕ್ಕೆ ಮುಖ್ಯ ಕಾರಣಗಳಲ್ಲೊಂದಾಗಿ ತಪ್ಪು ಒತ್ತನ್ನೇ ತೋರಿಸಿದ್ದರು. ಟ್ರೈನರ್‌ಗಳು ಇಂದು ಕಾಲ್ ರೆಕಾರ್ಡಿಂಗ್ ಮತ್ತೆ ಮತ್ತೆ ಕೇಳಿಸುವುದು, ಚಪ್ಪಾಳೆ ತಟ್ಟಿ ಪದ ಹೇಳಿಸುವುದು ಇದಕ್ಕಾಗಿಯೇ.

ಇಂಗ್ಲಿಷ್ ಕಲಿಸುವ ಈ ವಿದ್ಯೆ ಬೆಂಗಳೂರಿಗೆ ಐಟಿಯೊಂದಿಗೆ ಬಂದದ್ದಲ್ಲ. ದಕ್ಷಿಣದ ರಾಜ್ಯಗಳ ಶಿಕ್ಷಕರಿಗಾಗಿ 1963ರಲ್ಲಿ ಆರಂಭವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಜ್ಞಾನಭಾರತಿ ಆವರಣದಲ್ಲಿದೆ. ಸರ್ಕಾರಿ ಶಾಲೆಯ ಮೇಷ್ಟ್ರುಗಳು ಅಲ್ಲಿ ಮೂವತ್ತು ದಿನಗಳ ತರಬೇತಿ ಪಡೆಯುತ್ತಾರೆ. ಭಾಷಾ ಶಿಕ್ಷಣ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ ನಡೆಸಿದ, ಜಗತ್ತಿನ ಭಾಷಾ ಶಿಕ್ಷಕರೆಲ್ಲ ‘ಬೆಂಗಳೂರು ಪ್ರಾಜೆಕ್ಟ್’ ಎಂದು ಗುರುತಿಸುವ ಇಂಗ್ಲಿಷ್ ಬೋಧನೆಯ ಪ್ರಯೋಗವೂ ಈ ಸಂಸ್ಥೆಯ ಆಶ್ರಯದಲ್ಲೇ ಬೆಳೆಯಿತು.

ಹಾಗಾದರೆ ಎಷ್ಟು ತಿದ್ದಬೇಕು? ಬ್ರಿಟನ್ನಿನ ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ 2000ದಲ್ಲಿ ಇದಕ್ಕೊಂದು ಗಡಿ ಹಾಕಿಕೊಟ್ಟರು. ಸ್ವರದ ಉದ್ದ, ಪದದ ಮೊದಲ ‘ಪ’, ‘ಟ’, ‘ಕ’ಗಳ ಉಸಿರು, ವಾಕ್ಯದ ಮುಖ್ಯ ಒತ್ತು ಇವು ಕೆಟ್ಟರೆ ಮಾತು ಕೆಡುತ್ತದೆ, ‘ಥಿಂಕ್’ನ ‘ಥ’ ಇಂಗ್ಲೆಂಡಿನವರಂತೆ ಬರದಿದ್ದರೆ ನಷ್ಟವಿಲ್ಲ. ಕನ್ನಡಿಗನೂ ಮೆಕ್ಸಿಕೊದವನೂ ಇಂಗ್ಲಿಷಿನಲ್ಲಿ ಮಾತಾಡುವಾಗ ಅಲ್ಲಿ ಇಂಗ್ಲೆಂಡಿನವರೇ ಇರುವುದಿಲ್ಲ. ಅವರಿಬ್ಬರಿಗೆ ಬೇಕಾದದ್ದು ಪರಸ್ಪರ ಅರ್ಥವಾಗುವ ಮಾತು.

ಬ್ರೂಕ್‌ಫೀಲ್ಡಿನ ತರಬೇತಿ ಕೋಣೆಗಳಿಗೆ ಈ ತಿಳಿವಳಿಕೆ ಇನ್ನಷ್ಟು ಬರಬೇಕು. ಕನ್ನಡದ ಧ್ವನಿಗಳನ್ನು ಬಲ್ಲ ಟ್ರೈನರ್ ಇದ್ದಲ್ಲಿ ಹಳ್ಳಿಯ ಹುಡುಗ ತನ್ನ ಮಾತಿಗೆ ನಾಚುವುದಿಲ್ಲ; ಎಲ್ಲಿ ಉಸಿರು, ಎಲ್ಲಿ ಒತ್ತು ಎಂದು ಕೇಳಿ ಕಲಿಯುತ್ತಾನೆ. ಟ್ರೈನರ್‌ಗಳನ್ನು ಆರಿಸುವ ಕಂಪನಿಗಳು ಅವರ ಇಂಗ್ಲಿಷಿನ ಜೊತೆಗೆ ಅವರ ಕನ್ನಡವನ್ನೂ ಪರೀಕ್ಷಿಸಲಿ.