ಬೀಟೆಯೊಳಗೆ ಇಳಿದ ಆನೆ

ಅಥಣಿ, ನಿಪ್ಪಾಣಿ, ಚಿಕ್ಕೋಡಿ ಕಡೆಯ ನಮಗೆ ಕೊಲ್ಲಾಪುರ ಹತ್ತಿರ, ಮೈಸೂರು ದೂರ. ಮಡಚುವ ಪರದೆ ಎಂದರೆ ನಮಗೆ ನೆನಪಾಗುವುದು ದವಾಖಾನೆಯಲ್ಲಿ ಮಂಚಕ್ಕೆ ಮರೆಯಾಗಿ ನಿಲ್ಲಿಸುವ ಹಸಿರು ಬಟ್ಟೆಯ ಚೌಕಟ್ಟು. ಮರದೊಳಗೆ ಚಿತ್ರ ಕೂರಿಸುವ ಮೈಸೂರಿನ ಇನ್‌ಲೇ ಕೆಲಸದವರ ಪರದೆಯೇ ಬೇರೆ. ಆಳೆತ್ತರದ ಬೀಟೆಯ ಹಲಗೆಗಳನ್ನು ಕೀಲಿನಿಂದ ಜೋಡಿಸಿರುತ್ತಾರೆ. ಬಿಚ್ಚಿ ನಿಲ್ಲಿಸಿದರೆ ಹಲಗೆಯಿಂದ ಹಲಗೆಗೆ ಒಂದೇ ಕಾಡು ಹಬ್ಬುತ್ತದೆ. ಅದರ ನಡುವೆ ಆನೆಯ ಹಿಂಡು.

ಇಲ್ಲಿ ಕುಂಚ ಬಳಸುವುದಿಲ್ಲ, ಹೆಚ್ಚಿನ ಬಣ್ಣ ಮರದ್ದೇ. ಹಳದಿ ಬೇಕೆಂದರೆ ಹಲಸು, ಉಳಿದ ಛಾಯೆಗಳಿಗೆ ಬೇರೆ ಬೇರೆ ಮರದ ತೆಳು ಚಕ್ಕೆಗಳು. ಮೊದಲು ಕಾಗದದ ಮೇಲೆ ಚಿತ್ರ ಬರೆದು, ಕಿವಿ, ಸೊಂಡಿಲು, ಎಲೆಗಳನ್ನು ಒಂದೊಂದಾಗಿ ಬಿಡಿಸಿ, ಸಣ್ಣ ಗರಗಸದಿಂದ ಚಕ್ಕೆಗಳನ್ನು ಕತ್ತರಿಸುತ್ತಾರೆ. ಬೀಟೆಯಲ್ಲಿ ಅದೇ ಆಕಾರದ ತಗ್ಗನ್ನು ಉಳಿಯಿಂದ ತೋಡಿ, ಚಕ್ಕೆಯನ್ನು ಅಂಟಿನಿಂದ ಕೂರಿಸುತ್ತಾರೆ. ಆಮೇಲೆ ಉಜ್ಜಿ ಸಮ ಮಾಡಿ, ಚರ್ಮದ ಸುಕ್ಕು, ಕಣ್ಣಿನ ರೆಪ್ಪೆಯಂಥ ಗೆರೆಗಳನ್ನು ಕೊರೆದು ತುಂಬಿ, ಪಾಲಿಶ್ ಹಾಕುತ್ತಾರೆ. ಮರದ ನಾರು ಯಾವ ಕಡೆ ಓಡುತ್ತದೆ ಎಂದು ನೋಡಿ ಚಕ್ಕೆ ಆರಿಸುವುದರಲ್ಲೇ ಅರ್ಧ ಕಲೆ ಅಡಗಿದೆ ಎಂಬುದು ನನ್ನ ಎಣಿಕೆ. ಅದು ತಪ್ಪಿದರೆ ಆನೆಗೆ ಮೈದುಂಬುವುದಿಲ್ಲ, ಹಲಗೆಗೆ ಅಂಟಿಸಿದ ಚೀಟಿಯಾಗುತ್ತದೆ.

ಪ್ರಾಣಿಗಳ ಪರದೆಗೆ ಜಗತ್ತಿನಲ್ಲಿ ದೊಡ್ಡ ಹೆಸರು ಜಪಾನಿನದು. ಅಲ್ಲಿನ ಪರದೆಗಳು ಕಾಗದ, ರೇಷ್ಮೆಯವು. ಆರಾರು ಮಡಿಕೆಯ ಜೋಡಿಗಳು ಸಾಮಾನ್ಯ. ನಾರಾದ ಶೋಸೋಇನ್ ಭಂಡಾರದಲ್ಲಿರುವ 8ನೇ ಶತಮಾನದ ಒಂದು ಪರದೆಯ ಮೇಲೂ ಆನೆಯಿದೆ. ತಮಾಷೆಯೆಂದರೆ ಆ ನಾಡಿನಲ್ಲಿ ಕಾಡಾನೆಯೂ ಇಲ್ಲ, ಹುಲಿಯೂ ಇಲ್ಲ. ಕಲಾವಿದರು ಹುಲಿಯನ್ನು ಹೊರಗಿನಿಂದ ಬಂದ ಚರ್ಮ, ಚಿತ್ರಗಳನ್ನು ನೋಡಿ ಬರೆದರು. 1728ರಲ್ಲಿ ವಿಯೆಟ್ನಾಂನಿಂದ ಬಂದ ಆನೆಯನ್ನು ಮರುವರ್ಷ ನಾಗಸಾಕಿಯಿಂದ ಎಡೊವರೆಗೆ (ಇಂದಿನ ಟೋಕಿಯೊ) ನಡೆಸಿಕೊಂಡು ಹೋದರು. ಆನೆ ಕ್ಯೋಟೊ ದಾಟಿದಾಗ ಅಲ್ಲಿದ್ದ ಕಲಾವಿದ ಇಟೊ ಜಕುಚು ಇನ್ನೂ ಹುಡುಗ; ಮುದುಕನಾದ ಮೇಲೆ ಒಂದು ಜೋಡಿ ಪರದೆಯಲ್ಲಿ ಬಿಳಿ ಆನೆಯನ್ನು ಕಪ್ಪು ತಿಮಿಂಗಿಲದ ಎದುರು ನಿಲ್ಲಿಸಿದ.

ಮೈಸೂರಿನವರಿಗೆ ಇಂಥ ಊಹೆಯ ಹಂಗಿರಲಿಲ್ಲ. ದಸರೆಗೆ ಆನೆ ಬೀದಿಯಲ್ಲೇ ನಡೆಯುತ್ತದೆ. ಅವರ ತೊಡಕು ಬೇರೆ: ಒಂದು ಕಾಲಕ್ಕೆ ಆನೆಯ ಚಿತ್ರಕ್ಕೆ ಆನೆಯ ದಂತವೇ ಬೇಕಿತ್ತು. 1912ರಲ್ಲಿ ಪೂರ್ಣಗೊಂಡ ಅರಮನೆಯಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲು ಗಣೇಶನ ಗುಡಿಯ ಕಡೆಗೇ ತೆರೆಯುತ್ತದೆ! ವನ್ಯಜೀವಿ ಕಾಯ್ದೆಗೆ 1986ರಲ್ಲಾದ ತಿದ್ದುಪಡಿ ನಮ್ಮ ಆನೆಗಳ ದಂತದ ವ್ಯಾಪಾರ ನಿಲ್ಲಿಸಿತು, 1991ರಲ್ಲಿ ಆಫ್ರಿಕಾದ ದಂತಕ್ಕೂ ತಡೆ ಬಿತ್ತು. ಆ ಜಾಗಕ್ಕೆ ಪ್ಲಾಸ್ಟಿಕ್ ಬಂತು. ನನಗೇನೋ ಬೆಳ್ಳನೆಯ ಪ್ಲಾಸ್ಟಿಕ್ ಕೋರೆಗಿಂತ ತಿಳಿಬಣ್ಣದ ಮರದಲ್ಲಿ ಕಡೆದದ್ದೇ ಚೆಂದ.

ನಮ್ಮ ಭಾಗದ ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಮೈಸೂರಿನ ಇನ್‌ಲೇ ಕೆಲಸಕ್ಕೆ 2005-06ರಲ್ಲೇ ದೊರೆತಿದೆ. ಈಗಿನ ಚಿಂತೆ ಬೀಟೆಯದು. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ, ಅಳಿವಿನಂಚಿನ ಜೀವಿಗಳ ರಕ್ಷಣೆಯ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. 2019ರಲ್ಲಿ ಒಂದು ರವಾನೆಗೆ 10 ಕಿಲೋವರೆಗಿನ ಸಿದ್ಧ ವಸ್ತುಗಳಿಗೆ ವಿನಾಯಿತಿ ದೊರೆಯಿತು. ಗೋಡೆಯ ಫಲಕ, ತಟ್ಟೆಗಳು ಆ ಲೆಕ್ಕದಲ್ಲಿ ದಾಟಿಹೋಗುತ್ತವೆ; ಆಳೆತ್ತರದ ಪರದೆ ದಾಟುವುದು ಕಷ್ಟ.

ಮೈಸೂರಿಗೆ ಹೋದಾಗ ಕೊಳ್ಳುವ ಮನಸ್ಸಾದರೆ ಫಲಕವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನಿಜವಾದ ಇನ್‌ಲೇಯಲ್ಲಿ ಆನೆಯ ಕಿವಿಯ ನಾರು ಒಂದು ದಿಕ್ಕಿಗಿದ್ದರೆ ಬೆನ್ನಿನದು ಇನ್ನೊಂದು ದಿಕ್ಕಿಗಿರುತ್ತದೆ. ಎರಡೂ ಒಂದೇ ಕಡೆ ಓಡಿದರೆ ಅದು ಬಣ್ಣ ಬಳಿದದ್ದಿರಬಹುದು.