ಕಾಲೇಜು ಬಿಟ್ಟು ಕಾಲೇಜಿಗೆ ಹೊರಟಾಗ

"ಧಾರವಾಡದಾಗ ಐಐಟಿ ಐತಲ್ಲೋ ತಮ್ಮಾ, ಬೆಂಗಳೂರಿಗ್ಯಾಕ ಹೊಂಟಿ? ಅಲ್ಲೇ ಒಂದು ಅರ್ಜಿ ಹಾಕಬಾರದೇನ?"

ಮೊದಲ ವರ್ಷದ ಬಿ.ಇ. ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ನಮ್ಮ ಕಾಕಾ ಕೇಳಿದ ಪ್ರಶ್ನೆ ಇದು. ನಮ್ಮೂರು ಸವದತ್ತಿ ತಾಲ್ಲೂಕಿನ ನವಿಲುತೀರ್ಥ. ಮಲಪ್ರಭಾ ಅಣೆಕಟ್ಟು ಇರುವ ಜಾಗ. ಇಲ್ಲಿಂದ ಧಾರವಾಡ ದೂರವೇನಲ್ಲ. 2016ರಲ್ಲಿ ಅಲ್ಲಿ ಐಐಟಿ ಶುರುವಾದಾಗ ನಮ್ಮ ಕಡೆಯ ಎಲ್ಲರಿಗೂ ಖುಷಿಯಾಗಿತ್ತು. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಕಾಲೇಜಿಗೆ ಸೇರುವುದು ಇಷ್ಟು ಕಷ್ಟ ಅಂತ ಕಾಕಾಗೆ ಹೇಗೆ ಹೇಳುವುದು?

ಐಐಟಿಯಲ್ಲಿ ಬಿ.ಟೆಕ್ ಓದಬೇಕೆಂದರೆ ಜೆಇಇ ಅಡ್ವಾನ್ಸ್ಡ್ ಬರೆಯಬೇಕು. ಅದೂ ಪಿಯುಸಿ ಮುಗಿಸಿದ ವರ್ಷ ಮತ್ತು ಅದರ ಮರು ವರ್ಷ, ಎರಡೇ ಅವಕಾಶ. ಬೇರೆ ಕಾಲೇಜಿನಲ್ಲಿ ಒಂದು ವರ್ಷ ಓದಿ, ಒಳ್ಳೆಯ ಅಂಕ ತೋರಿಸಿ, ಅಲ್ಲಿಗೆ ಎರಡನೇ ವರ್ಷಕ್ಕೆ ಸೇರುತ್ತೇನೆ ಅಂದರೆ ಬಾಗಿಲಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕಡೆ ಮೂರನೇ ವರ್ಷಕ್ಕೆ ಸೇರುವುದು ಅಲ್ಲಿ ಸಾಮಾನ್ಯ ದಾರಿ. ನಮ್ಮಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ 2021ರಲ್ಲಿ ಬಂದಿದೆ. ನಾನೂ ಡಿಜಿಲಾಕರ್‌ನಲ್ಲಿ ಐಡಿ ಮಾಡಿಕೊಂಡಿದ್ದೇನೆ. ಗಳಿಸಿದ ಕ್ರೆಡಿಟ್ ಖಾತೆಯಲ್ಲಿ ಇರುತ್ತದೆ ನಿಜ. ಆದರೆ ಸೇರಬೇಕಾದ ಕಾಲೇಜಿನಲ್ಲಿ ಸೀಟು ಇರಬೇಕಲ್ಲ?

ನನಗೆ ಉಳಿದದ್ದು ಒಂದೇ ದಾರಿ. ವಿಟಿಯು ವ್ಯಾಪ್ತಿಯೊಳಗೆ ಒಂದು ಕಾಲೇಜಿನಿಂದ ಇನ್ನೊಂದು ಕಾಲೇಜಿಗೆ ವರ್ಗಾವಣೆ. ಎರಡನೇ ವರ್ಷದ ಆರಂಭದಲ್ಲಿ, ಅಂದರೆ ಮೂರನೇ ಸೆಮಿಸ್ಟರ್‌ಗೆ ಮೊದಲು ಇದಕ್ಕೆ ಅವಕಾಶ ಇದೆ.

ನಾನು ಓದುತ್ತಿರುವುದು ಸಿವಿಲ್. "ಈಗ ಯಾರು ಸಿವಿಲ್ ತಗೋತಾರೆ?" ಅಂತ ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಅಣೆಕಟ್ಟಿನ ಬಳಿ ಬೆಳೆದವನು ನಾನು. ಮಳೆಗಾಲದಲ್ಲಿ ಗೇಟು ತೆಗೆದರೆ ನೋಡಲು ಓಡುತ್ತಿದ್ದೆ. ಇಂಥದ್ದನ್ನು ಕಟ್ಟುವುದು ಹೇಗೆ ಅಂತ ಕಲಿಯಬೇಕು ಅನ್ನುವುದೇ ನನ್ನ ಆಸೆಯಾಗಿತ್ತು. ಆದರೆ ಸೇರಿದ ಕಾಲೇಜಿನಲ್ಲಿ ನಮ್ಮ ಬ್ರಾಂಚ್‌ಗೆ ಬಂದವರು ಹದಿನೆಂಟೇ ಜನ. ವರ್ಷದ ನಡುವೆ ಒಬ್ಬ ಉಪನ್ಯಾಸಕರು ಕೆಲಸ ಬಿಟ್ಟರು. ಎರಡು ತಿಂಗಳು ಅವರ ಪೀರಿಯಡ್‌ನಲ್ಲಿ ನಾವು ಕ್ಯಾಂಟೀನಿನಲ್ಲಿ ಕೂತೆವು. ಸೀನಿಯರ್‌ಗಳನ್ನು ಕೇಳಿದರೆ, "ಸಿವಿಲ್‌ಗೆ ಇಲ್ಲಿ ಯಾವ ಕಂಪನಿನೂ ಬರಂಗಿಲ್ಲ" ಅಂದರು. ಅಂದೇ ನಿರ್ಧರಿಸಿದೆ, ಇಲ್ಲಿಂದ ಹೋಗಬೇಕು.

ಆ ಕಾಲೇಜಿಗೆ ನಾನು ಬಂದದ್ದು ಹೇಗೆ ಅನ್ನುವುದನ್ನೂ ಹೇಳಬೇಕು. ಸಿಇಟಿ ರ‍್ಯಾಂಕ್ ಬಂದಮೇಲೆ ಸವದತ್ತಿಯ ಸೈಬರ್ ಸೆಂಟರಿಗೆ ಹೋಗಿ ಆಪ್ಷನ್ ಎಂಟ್ರಿ ಮಾಡಿಸಿದೆ. ಹೊರಗೆ ಸಾಲು ಇತ್ತು. ಅಂಗಡಿಯ ಅಣ್ಣ, "ಇವನ್ನ ಹಾಕು, ಎಲ್ಲಾರೂ ಇವನ್ನ ಹಾಕ್ಯಾರ" ಅಂತ ಹತ್ತು ಕಾಲೇಜು ಹಾಕಿದ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮೊದಲ ಸುತ್ತಿನಲ್ಲಿ ಸೀಟು ಬಂತು. ಕೈಬಿಟ್ಟರೆ ಮತ್ತೆ ಸಿಗದು ಅನ್ನುವ ಹೆದರಿಕೆಯಲ್ಲಿ ಚಾಯ್ಸ್-1 ಒತ್ತಿಬಿಟ್ಟೆ. ಚಾಯ್ಸ್-2 ಅಂದರೆ ಬಂದ ಸೀಟನ್ನು ಕೈಯಲ್ಲಿ ಇಟ್ಟುಕೊಂಡೇ, ಅದಕ್ಕಿಂತ ಮೇಲಿನ ಆಪ್ಷನ್‌ಗಾಗಿ ಮುಂದಿನ ಸುತ್ತಿಗೆ ಕಾಯಬಹುದು ಅನ್ನುವುದು ನನಗೆ ಆಮೇಲೆ ತಿಳಿಯಿತು. ನಾಲ್ಕು ವರ್ಷದ ನಿರ್ಧಾರವನ್ನು ಅರ್ಧ ಗಂಟೆಯಲ್ಲಿ ಮುಗಿಸಿ, ಅದನ್ನು ತಿದ್ದಲು ಮೂರು ತಿಂಗಳು ಓಡಾಡಿದೆ.

ವರ್ಗಾವಣೆಗೆ ಏನೇನು ಬೇಕು ಅಂತ ವಿಚಾರಿಸಿದೆ. ಸೇರಬೇಕಾದ ಕಾಲೇಜಿನಲ್ಲಿ ಅದೇ ಬ್ರಾಂಚ್‌ನ ಸೀಟು ಖಾಲಿ ಇರಬೇಕು. ಆ ಕಾಲೇಜು ಒಪ್ಪಿ ಎನ್‌ಒಸಿ ಕೊಡಬೇಕು. ಈಗಿರುವ ಕಾಲೇಜೂ ಎನ್‌ಒಸಿ ಕೊಡಬೇಕು. ಆಮೇಲೆ ನಿಗದಿತ ದಿನಾಂಕದ ಒಳಗೆ ಶುಲ್ಕ ಕಟ್ಟಿ ವಿಶ್ವವಿದ್ಯಾಲಯದ ಒಪ್ಪಿಗೆ ಪಡೆಯಬೇಕು. ಸ್ವಾಯತ್ತ ಕಾಲೇಜಾದರೆ ಇನ್ನೊಂದು ಸಮಸ್ಯೆ. ಅಲ್ಲಿನ ಸಿಲೆಬಸ್ ಬೇರೆ. ಅಲ್ಲಿ ಮೊದಲ ವರ್ಷದಲ್ಲಿದ್ದು ಇಲ್ಲಿ ಇಲ್ಲದ ವಿಷಯಗಳನ್ನು ಸೇರಿದ ಮೇಲೆ ಬರೆದು ಪಾಸಾಗಬೇಕು.

ಸಿವಿಲ್ ಅಂದರೆ ಮೂಗು ಮುರಿಯುವ ಕಾಲ ಇದು. ನನಗೆ ಮಾತ್ರ ಅದೇ ಅನುಕೂಲವಾಯಿತು. ಬೆಂಗಳೂರಿನ ಒಂದು ಹೆಸರಾಂತ ಸ್ವಾಯತ್ತ ಕಾಲೇಜಿಗೆ ಫೋನ್ ಮಾಡಿದಾಗ, "ಸಿವಿಲ್‌ನಲ್ಲಿ ಎರಡು ಸೀಟು ಖಾಲಿ ಇದೆ. ಮಾರ್ಕ್ಸ್‌ಕಾರ್ಡ್ ತಗೊಂಡು ಬನ್ನಿ, ಎಚ್‌ಒಡಿ ನೋಡ್ತಾರೆ" ಅಂದರು. ಕಂಪ್ಯೂಟರ್ ಸೈನ್ಸ್ ಆಗಿದ್ದರೆ ಬಹುಶಃ ಫೋನೇ ಎತ್ತುತ್ತಿರಲಿಲ್ಲ.

ಅಪ್ಪನದು ಮೂರು ಎಕರೆ ಹೊಲ, ಹತ್ತಿ ಮತ್ತು ಗೋವಿನಜೋಳ. ಆ ವರ್ಷ ಹತ್ತಿ ಕೈಗೆ ಬಂದಿರಲಿಲ್ಲ. ಅವ್ವ ತನ್ನ ಸ್ತ್ರೀಶಕ್ತಿ ಸಂಘದಲ್ಲಿ 25 ಸಾವಿರ ಸಾಲ ತೆಗೆದಳು. "ಮೊದಲು ಕಟ್ಟೂ ರೊಕ್ಕಕ್ಕ ಆಕ್ಕೈತಿ. ಉಳಿದಿದ್ದು ಮುಂದ ನೋಡೂಣು" ಅಂದಳು. ಆ ವರ್ಷ ನನ್ನ ತಂಗಿಯನ್ನು ಪಿಯುಸಿಗೆ ಧಾರವಾಡದ ಹಾಸ್ಟೆಲ್‌ನಲ್ಲಿ ಬಿಡಬೇಕು ಅಂತ ಮನೆಯಲ್ಲಿ ಮಾತಾಗಿತ್ತು. ಆ ಮಾತು ನಿಂತಿತು. ತಂಗಿ ಸವದತ್ತಿಯಲ್ಲೇ ಸೇರಿದಳು. ಅವಳು ಏನೂ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಧಾರವಾಡದಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋದೆ. ಜೇಬಿನಲ್ಲಿ ಎರಡು ಪುಟದ ಅರ್ಜಿ ಇತ್ತು. ಅದರಲ್ಲಿ ಪಾಠ ಆಗುತ್ತಿಲ್ಲ, ಲ್ಯಾಬ್ ಸರಿ ಇಲ್ಲ, ಕಂಪನಿಗಳು ಬರುವುದಿಲ್ಲ ಅಂತೆಲ್ಲ ಬರೆದಿದ್ದೆ. ಎಚ್‌ಒಡಿ ವಯಸ್ಸಾದವರು. ನನ್ನ ಅರ್ಜಿಯನ್ನು ನಿಧಾನವಾಗಿ ಓದಿದರು.

"ಅಲ್ಲಿ ಏನಿಲ್ಲ ಅಂತ ಬರೆದಿದ್ದೀರಿ. ಇಲ್ಲಿ ಬಂದು ಏನು ಮಾಡ್ತೀರಿ ಅಂತ ಬರೆದಿಲ್ಲವಲ್ಲ?"

"ಚೆನ್ನಾಗಿ ಓದ್ತೀನಿ ಸರ್."

ಅವರು ನಕ್ಕರು. ವಿಳಾಸ ನೋಡಿ ಕೇಳಿದರು. "ನವಿಲುತೀರ್ಥ ಅಂದರೆ ಮಲಪ್ರಭಾ ಡ್ಯಾಮ್ ಅಲ್ವಾ? ಎಷ್ಟು ಟಿಎಂಸಿ?"

"37.73 ಸರ್." ಇದು ನಮ್ಮೂರಿನ ಚಿಕ್ಕ ಹುಡುಗರಿಗೂ ಗೊತ್ತು.

"ಗುಡ್. ಅಷ್ಟು ನೀರು ಹಿಡಿಯೋ ಡ್ಯಾಮನ್ನು ಅಲ್ಲೇ ಯಾಕೆ ಕಟ್ಟಿದರು? ನಾಲ್ಕು ಮೈಲಿ ಮೇಲೆ ಅಥವಾ ಕೆಳಗೆ ಯಾಕೆ ಕಟ್ಟಲಿಲ್ಲ?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಅಣೆಕಟ್ಟು ಅದು. ಅದನ್ನೇ ಕಾರಣವಾಗಿ ಹೇಳಿಕೊಂಡು ಸಿವಿಲ್ ಸೇರಿದ್ದೆ. ಆದರೆ ಅಲ್ಲೇ ಯಾಕೆ ಕಟ್ಟಿದರು ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಅದನ್ನು ತಿಳಿಯಲು ಲ್ಯಾಬೂ ಬೇಕಿರಲಿಲ್ಲ, ಕಂಪನಿಯೂ ಬೇಕಿರಲಿಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಊರಿಗೆ ಹೋದಾಗ ನೋಡಿ" ಅಂದರು. ಮಾರ್ಕ್ಸ್ ಸಾಕಿತ್ತು. "ನಿಮ್ಮ ಕಾಲೇಜಿನ ಎನ್‌ಒಸಿ ಒಂದು ವಾರದಲ್ಲಿ ತನ್ನಿ, ನಾವು ಕೊಡುತ್ತೇವೆ" ಅಂದರು.

ಆ ಒಂದು ವಾರ ಹತ್ತೊಂಬತ್ತು ದಿನವಾಯಿತು. ನಮ್ಮ ಕಾಲೇಜಿನ ಕಚೇರಿಯಲ್ಲಿ ಮೊದಲು, "ಪ್ರಿನ್ಸಿಪಾಲರು ಇಲ್ಲ" ಅಂದರು. ಆಮೇಲೆ, "ಆಡಳಿತ ಮಂಡಳಿ ನೋಡಬೇಕು" ಅಂದರು. ಕೊನೆಗೆ ಒಬ್ಬರು ನೇರವಾಗಿ ಹೇಳಿದರು. "ನೀ ಹೋದರ ಆ ಸೀಟು ಮೂರು ವರ್ಷ ಖಾಲಿ ಬೀಳತೈತಿ. ಮೂರು ವರ್ಷದ ಫೀ ಕಟ್ಟು, ಆಮ್ಯಾಲ ಮಾತಾಡೂಣು." ಅಪ್ಪ ಹೊಲದ ಕೆಲಸ ಬಿಟ್ಟು ಎರಡು ಸಲ ಬಂದು ಕೈಮುಗಿದು ನಿಂತರು. ಅದನ್ನು ನೋಡಲಾಗದೆ ನಾನೇ, "ಸಾಕ್ರಿ ಅಪ್ಪಾ, ಹೋಗೂಣು" ಅಂದೆ. ಅಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿತ್ತು.

ಕಚೇರಿಯವರ ಲೆಕ್ಕ ನನಗೆ ಅರ್ಥವಾಗುತ್ತದೆ. ಹದಿನೆಂಟರಲ್ಲಿ ಒಬ್ಬ ಹೋದರೆ ಅವರಿಗೂ ನಷ್ಟವೇ. ಆದರೆ ನಿಯಮ ಏನು ಹೇಳುತ್ತದೆ ಅಂತ ನಾನು ಓದಿದ್ದು ಎಲ್ಲ ಮುಗಿದ ಮೇಲೆ. ಕೋರ್ಸ್ ಬಿಟ್ಟು ಹೋಗುವ ವಿದ್ಯಾರ್ಥಿಯಿಂದ ಮುಂದಿನ ವರ್ಷಗಳ ಶುಲ್ಕ ಕೇಳುವಂತಿಲ್ಲ, ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಎಐಸಿಟಿಇ ನಿಯಮ. ಶುಲ್ಕ ವಾಪಸು ಮತ್ತು ಮೂಲ ದಾಖಲೆಗಳ ಬಗ್ಗೆ ಯುಜಿಸಿ ಕೂಡ 2018ರಲ್ಲಿ ಅಧಿಸೂಚನೆ ಹೊರಡಿಸಿದೆ. ಎನ್‌ಒಸಿ ಕೊಡಲೇಬೇಕು ಅಂತ ಅವು ಹೇಳುವುದಿಲ್ಲ, ನಿಜ. ಆದರೆ ಆ ಕಾಗದ ನನ್ನ ಕೈಯಲ್ಲಿದ್ದಿದ್ದರೆ ಅಪ್ಪ ಕೈಮುಗಿದು ನಿಲ್ಲಬೇಕಿರಲಿಲ್ಲ. ನಾನು ಮಾತಲ್ಲಿ ಕೇಳುತ್ತಾ ಹೋದೆ. ಮೊದಲ ದಿನವೇ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದರೆ ಅವರೂ ಲಿಖಿತವಾಗಿಯೇ ಉತ್ತರಿಸಬೇಕಾಗುತ್ತಿತ್ತು.

ಅವ್ವ ಸಂಘಕ್ಕೆ ಸಾಲವನ್ನು ಬಡ್ಡಿ ಸಮೇತ ತಿರುಗಿಸಿದಳು. ಬಂದ ಲಾಭ ಸೊನ್ನೆ.

ಆ ದಸರಾ ರಜೆಯಲ್ಲಿ ಊರಿಗೆ ಬಂದವನು ಒಂದು ಸಂಜೆ ಗುಡ್ಡ ಹತ್ತಿ ಕೂತೆ. ಮೇಲಿನಿಂದ ನೋಡಿದಾಗ ಎಚ್‌ಒಡಿ ಕೇಳಿದ್ದಕ್ಕೆ ಉತ್ತರ ಎದುರಿಗೇ ಇತ್ತು. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆ ಇಲ್ಲಿ ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಯಲ್ಲಿ ನುಗ್ಗುತ್ತಾಳೆ. ಸಂದಿಯ ಹಿಂದೆ ಅಗಲವಾದ ತಗ್ಗು. ಸಂದಿಗೆ ಗೋಡೆ ಹಾಕಿದರೆ ಸಾಕು, ಹಿಂದಿನ ತಗ್ಗೆಲ್ಲ ತುಂಬುತ್ತದೆ. ಎರಡೂ ಬದಿ ಗಟ್ಟಿ ಬಂಡೆಯ ಆಸರೆ. ಗೋಡೆ ಗಿಡ್ಡದಾದಷ್ಟೂ ಖರ್ಚು ಕಡಿಮೆ. ನಾಲ್ಕು ಮೈಲಿ ಮೇಲೆ ಹೋಗಿದ್ದರೆ ಎಷ್ಟು ಉದ್ದ ಕಟ್ಟಬೇಕಿತ್ತೋ! ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಕೊಡುವ, ನರಗುಂದ, ನವಲಗುಂದದ ಹೊಲಗಳಿಗೆ ಕಾಲುವೆ ಕಳಿಸುವ ಅಣೆಕಟ್ಟಿನ ಮೊದಲ ಪಾಠ ನಮ್ಮ ಮನೆಯ ಹಿಂದೆಯೇ ಇತ್ತು.

ಇದ್ದಲ್ಲೇ ತೃಪ್ತಿಪಡಿ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಕಾಲೇಜು ಬದಲಿಸುವ ಆಸೆ ತಪ್ಪಲ್ಲ. ಒಳ್ಳೆಯ ಕಾಲೇಜಿನಿಂದ ಆಗುವ ವ್ಯತ್ಯಾಸವೂ ಸುಳ್ಳಲ್ಲ. ಈಗ ನಾನು ಐದನೇ ಸೆಮಿಸ್ಟರ್. ನಮ್ಮ ಕಾಲೇಜಿನ ಸಮಸ್ಯೆಗಳು ಇನ್ನೂ ಇವೆ. ಆದರೆ ಅವುಗಳ ಪಟ್ಟಿ ಮಾಡುವುದನ್ನು ಬಿಟ್ಟು, ನನಗೆ ಬೇಕಾದದ್ದರ ಪಟ್ಟಿ ಮಾಡಿಕೊಂಡಿದ್ದೇನೆ. ಪಾಠ ಆಗದ ವಿಷಯಗಳನ್ನು ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರಿಂದಲೇ ಕೇಳುತ್ತೇನೆ. ಮೂರನೇ ವರ್ಷದಲ್ಲಿರುವವರೂ ಗೇಟ್ ಬರೆಯಬಹುದು. ಈ ಸಲ ಬರೆಯುತ್ತಿದ್ದೇನೆ, ಕಾಕಾ ಹೇಳಿದ ಐಐಟಿಗೆ ಎಂ.ಟೆಕ್ ಬಾಗಿಲು ಅದೇ. ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅರ್ಜಿ ಹಾಕುತ್ತೇನೆ. ಅದಕ್ಕೆ ಯಾರ ಎನ್‌ಒಸಿಗಾಗಿ ಕಾಯುವುದು ಅನ್ನುವ ಹೆದರಿಕೆ ಈಗಿಲ್ಲ. ಕೇಳುವುದಿದ್ದರೆ ಲಿಖಿತವಾಗಿ ಕೇಳುತ್ತೇನೆ.

ವರ್ಗಾವಣೆ ಬಯಸುವ ಗೆಳೆಯರಿಗೆ ನನ್ನ ಮಾತು ಇಷ್ಟೇ. ಆ ವರ್ಷದ ವಿಟಿಯು ಸುತ್ತೋಲೆಯನ್ನು ನೀವೇ ಓದಿ, ಕೊನೆಯ ದಿನಾಂಕ ಬರೆದಿಟ್ಟುಕೊಳ್ಳಿ. ಸೇರುವ ಕಾಲೇಜಿನಲ್ಲಿ ನಿಮ್ಮ ಬ್ರಾಂಚ್‌ನ ಸೀಟು ಖಾಲಿ ಇದೆಯೇ, ಶುಲ್ಕ ಎಷ್ಟು, ಈಗಿನ ವಿದ್ಯಾರ್ಥಿವೇತನ ಅಲ್ಲಿಯೂ ಮುಂದುವರಿಯುತ್ತದೆಯೇ ಎಂದು ಮೊದಲೇ ಕೇಳಿ. ನಿಮ್ಮ ಕಾಲೇಜಿನ ಎನ್‌ಒಸಿ ಕೈಗೆ ಬರುವವರೆಗೆ ಮನೆಯವರಿಂದ ಸಾಲ ತೆಗೆಸಬೇಡಿ. ಎಲ್ಲಕ್ಕಿಂತ ಮೊದಲು, "ಅಲ್ಲಿ ಹೋಗಿ ಏನು ಮಾಡುತ್ತೀರಿ?" ಅನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇರಲಿ. ಇನ್ನು ಖಾಲಿ ಸೀಟುಗಳ ಪಟ್ಟಿಯನ್ನು ಪ್ರತಿ ಕಾಲೇಜೂ ಬಹಿರಂಗವಾಗಿ ಹಾಕಿದರೆ, ಎನ್‌ಒಸಿ ಅರ್ಜಿಗೆ ಇಷ್ಟು ದಿನದಲ್ಲಿ ಉತ್ತರ ಅಂತ ಗಡುವು ಇದ್ದರೆ, ನನ್ನಂಥ ಎಷ್ಟೋ ಹುಡುಗರ ಅಲೆದಾಟ ತಪ್ಪುತ್ತದೆ.

ಈ ವರ್ಷ ತಂಗಿ ಸಿಇಟಿ ಬರೆಯುತ್ತಾಳೆ. "ಅಣ್ಣಾ, ಆಪ್ಷನ್ ಎಂಟ್ರಿ ಸೈಬರ್‌ನ್ಯಾಗ ಮಾಡಸೂದು?" ಅಂತ ಮೊನ್ನೆ ಫೋನಿನಲ್ಲಿ ಕೇಳಿದಳು. ಬ್ಯಾಡ ಅಂದೆ. ಒಂದು ನೋಟ್‌ಬುಕ್ ತಗೊಂಡು ಕಾಲೇಜುಗಳ ಹೆಸರು, ಶುಲ್ಕ, ಕಳೆದ ವರ್ಷದ ಕೊನೆಯ ರ‍್ಯಾಂಕ್ ಬರೆಯಲು ಹೇಳಿದ್ದೇನೆ. ಈ ಸಲ ಅರ್ಧ ಗಂಟೆಯಲ್ಲಿ ಮುಗಿಸುವುದಿಲ್ಲ. ಇಬ್ಬರೂ ಕೂತು, ಅವಳಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ನೋಡುತ್ತೇವೆ. ಹಾಸ್ಟೆಲ್ ಇರುವ ಕಾಲೇಜುಗಳನ್ನು ಮೇಲೆ ಹಾಕುತ್ತೇವೆ.