ಆಧುನಿಕ ಅರಬ್ಬೀ ಕಾದಂಬರಿಯಲ್ಲಿ ಸ್ತ್ರೀವಿದ್ಯೆ

ಈಜಿಪ್ಟಿನ ನ್ಯಾಯಾಧೀಶ ಖಾಸಿಂ ಅಮೀನರು 1899ರಲ್ಲಿ ‘ಸ್ತ್ರೀವಿಮೋಚನೆ’ ಎಂಬರ್ಥದ ಹೆಸರಿನ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಬೇಡಿದುದು ಬಹಳವಲ್ಲ: ಹುಡುಗಿಯರಿಗೆ ಹುಡುಗರಷ್ಟೇ ಪ್ರಾಥಮಿಕ ಶಿಕ್ಷಣ ದೊರೆಯಬೇಕು, ಮುಖದ ಮುಸುಕು ತೊಲಗಬೇಕು. ಅಷ್ಟಕ್ಕೇ ದೊಡ್ಡ ವಾಗ್ವಾದವೆದ್ದಿತು. ವಿದ್ಯೆಯ ಹಿಂದೆಯೇ ಸ್ವಾತಂತ್ರ್ಯವೂ ಬರುವುದೆಂಬುದು ಆ ಕಾಲದ ಸುಧಾರಕರ ನಂಬುಗೆ. ಕಾದಂಬರಿಕಾರರು ಅದನ್ನು ಹಾಗೆಯೇ ಒಪ್ಪಿದಂತೆ ತೋರುವುದಿಲ್ಲ.

ಮುಹಮ್ಮದ್ ಹುಸೇನ್ ಹೈಕಲರ ‘ಜೈನಬ್’ 1913ರಲ್ಲಿ ‘ಈಜಿಪ್ಟಿನ ರೈತ’ನೆಂಬ ಅಂಕಿತದಿಂದ ಹೊರಬಂದಿತು. ಇದನ್ನು ಅರಬ್ಬಿಯ ಮೊದಲ ಕಾದಂಬರಿಯೆನ್ನುವ ವಾಡಿಕೆಯುಂಟು. 1899ರಲ್ಲಿಯೇ ಕಾದಂಬರಿ ಪ್ರಕಟಿಸಿದ, ಲೆಬನಾನಿನಲ್ಲಿ ಹುಟ್ಟಿದ ಜೈನಬ್ ಫವ್ವಾಜರನ್ನು ಮರೆತವರ ವಾಡಿಕೆಯದು. ಹೈಕಲರ ಕಥೆಯಲ್ಲಿ ಅಕ್ಷರವೂ ಸ್ವಾತಂತ್ರ್ಯವೂ ಒಬ್ಬಳಲ್ಲಿಯೇ ಕೂಡುವುದಿಲ್ಲ. ಜಮೀನುದಾರನ ಮಗ ಹಾಮಿದನ ದಾಯಾದಿ ಅಜೀಜಾ ಓದುಬರಹ ಬಲ್ಲವಳು; ಆದರೆ ಗೋಷಾದೊಳಗಿದ್ದು ಅವನಿಗೆ ಕಾಗದ ಬರೆಯಬಲ್ಲಳೇ ಹೊರತು ಎದುರು ನಿಂತು ಮಾತನಾಡಲಾರಳು. ಹತ್ತಿಯ ಹೊಲದಲ್ಲಿ ದುಡಿಯುವ ಜೈನಬಳಿಗೆ ಮುಸುಕಿನ ಕಟ್ಟಿಲ್ಲ. ಇಬ್ಬರ ಮದುವೆಯನ್ನೂ ನಿಶ್ಚಯಿಸುವವರು ಹಿರಿಯರೇ. ಜೈನಬಳು ಒಲಿದ ಇಬ್ರಾಹೀಮನು ಸೈನ್ಯಕ್ಕೆ ಸೇರಿಸಲ್ಪಟ್ಟು ಸೂಡಾನಿಗೆ ಹೋಗುತ್ತಾನೆ. ಅವಳು ಕ್ಷಯದಿಂದ ಸಾಯುತ್ತಾಳೆ.

ತಾಹಾ ಹುಸೇನರ ‘ಕರವಾನ್ ಹಕ್ಕಿಯ ಕರೆ’ (1934) ಇದಕ್ಕಿಂತ ಆಳವಾದ ಕೃತಿ. ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡು ಕಿವಿಯಿಂದಲೇ ವಿದ್ಯೆ ಗಳಿಸಿದ ಈ ಲೇಖಕರ ಆಮಿನಾ ಸಹ ಪರರ ಪಾಠದ ಮಗ್ಗುಲಲ್ಲಿ ಕುಳಿತು ಕಲಿತವಳು: ಅಧಿಕಾರಿಯೊಬ್ಬನ ಮನೆಯ ಊಳಿಗದ ಹುಡುಗಿ, ಒಡೆಯನ ಮಗಳು ಖದೀಜಾಳ ಜೊತೆಯಲ್ಲಿ ಅಕ್ಷರಸ್ಥೆಯಾಗುತ್ತಾಳೆ. ಅವಳ ಅಕ್ಕ ಹನಾದಿಯು ತಾನು ಕೆಲಸಕ್ಕಿದ್ದ ಮನೆಯ ಇಂಜಿನಿಯರನಿಂದ ಕೆಟ್ಟಳೆಂದು ಸೋದರಮಾವನೇ ಅವಳನ್ನು ಕೊಲ್ಲುತ್ತಾನೆ. ಸೇಡಿಗಾಗಿ ಆಮಿನಾ ಅದೇ ಇಂಜಿನಿಯರನ ಮನೆಗೆ ಕೆಲಸಕ್ಕೆ ಸೇರುತ್ತಾಳೆ. ಸೇಡು ಕ್ರಮೇಣ ಒಲವಾಗುತ್ತದೆ. ಈ ಪರಿವರ್ತನೆಯನ್ನು ನಂಬುವುದು ಕೆಲವು ವಾಚಕರಿಗೆ ಕಷ್ಟವಾದೀತು. ಆದರೆ ಕಥನದ ರೀತಿಯೇ ಇಲ್ಲಿ ಮುಖ್ಯ. ಸತ್ತ ಅಕ್ಕನಿಗೆ ಮಾತಿಲ್ಲ. ಕಥೆಯನ್ನೆಲ್ಲ ಹೇಳುವವಳು ಓದಿಬಲ್ಲ ತಂಗಿ. ವಿದ್ಯೆಯು ಹನಾದಿಯನ್ನು ಉಳಿಸಲಿಲ್ಲ, ಅವಳ ಸಾವನ್ನು ಮರೆಯಲು ಬಿಡಲೂ ಇಲ್ಲ.

ಹೆಣ್ಣೊಬ್ಬಳೇ ಲೇಖನಿ ಹಿಡಿದಾಗ ಪ್ರಶ್ನೆ ಇನ್ನೂ ತೀಕ್ಷ್ಣವಾಯಿತು. ಲತೀಫಾ ಅಲ್-ಜಯ್ಯಾತರ ‘ತೆರೆದ ಬಾಗಿಲು’ (1960) 1946ರಿಂದ 1956ರವರೆಗಿನ ಕಥೆ. ನಾಯಿಕೆ ಲೈಲಾ ವಿಶ್ವವಿದ್ಯಾನಿಲಯವನ್ನೇ ಸೇರುತ್ತಾಳೆ. ಆದರೆ ಅಲ್ಲಿಯ ಅಧ್ಯಾಪಕ ರಮ್ಜಿಯೇ ಅವಳ ಭಾವೀಪತಿಯಾಗಿ, ತಂದೆಯ ಗದರಿಕೆಯನ್ನು ಪಾಂಡಿತ್ಯದ ಭಾಷೆಯಲ್ಲಿ ಮುಂದುವರಿಸುತ್ತಾನೆ. ಅಮೀನರು ಪ್ರಾಥಮಿಕ ಶಾಲೆಯನ್ನು ಕೇಳಿದ್ದರು. ಇಲ್ಲಿ ಬೀಗ ಹಾಕುವವನು ಉನ್ನತವಿದ್ಯೆಯ ಗುರುವೇ! ಪದವೀಧರೆಯಾದ ಲೈಲಾ ಉಪಾಧ್ಯಾಯಿನಿಯಾಗಿ ಪೋರ್ಟ್ ಸೈದಿಗೆ ತೆರಳುತ್ತಾಳೆ. 1956ರ ಯುದ್ಧದಲ್ಲಿ ಊರಿನವರೊಡನೆ ನಿಂತ ಮೇಲೆಯೇ ರಮ್ಜಿ ತೊಡಿಸಿದ ಉಂಗುರವನ್ನು ಬೆರಳಿನಿಂದ ತೆಗೆಯುತ್ತಾಳೆ.